ಮಾತ್ರೆ ಕೆಲಸ ಮಾಡ್ತಿದೆ, ಮತ್ಯಾಕೆ ಟೆಸ್ಟು?

ಈ ಸಲ ಬಂದ ಪತ್ರಗಳಲ್ಲಿ ಒಂದನ್ನ ಪೂರ್ತಿ ಹಾಕ್ತಾ ಇದೀನಿ. ಬರೆದವರು ಹಾವೇರಿ ಕಡೆಯವರು, ಹೆಸರು ಹಾಕಬೇಡಿ ಅಂದಿದಾರೆ.

"ಸಾಹೇಬ್ರ, ನನಗ 48 ವರ್ಷ. ಒಂದ್ ಒಂದೂವರಿ ವರ್ಷದಿಂದ ಹಾಸಿಗ್ಯಾಗ ತ್ರಾಸ ಆಗಾಕತ್ತಿತ್ತು, ನಿಮಿರೂದು ಕಡಿಮಿ ಆಗ್ಕೋಂತ ಬಂತು. ಔಷಧಿ ಅಂಗಡಿ ಹುಡುಗ ಒಂದ್ ಗುಳಿಗಿ ಕೊಟ್ಟ, ಈಗ ಏನೂ ತೊಂದ್ರಿ ಇಲ್ಲ. ನೀವು ಹಿಂದಿನ ಸಂಚಿಕ್ಯಾಗ ಶುಗರ್ ನೋಡಸ್ರಿ, ಬಿಪಿ ನೋಡಸ್ರಿ, ಹಾರ್ಟ್ ತೋರಸ್ರಿ ಅಂತ ಬರ್ದೀರಿ. ಗುಳಿಗಿಲೇ ಮುಗಿಯೂ ಕೆಲಸಕ್ಕ ಇಷ್ಟ್ ಖರ್ಚ್ ಯಾಕ? ಇದೆಲ್ಲಾ ಟೆನ್ಶನ್‌ದಿಂದ ಬರೂದು ಅಂತ ನಮ್ಮ ಗೆಳ್ಯಾ ಅಂತಾನ. ನನಗ ಶುಗರ್ ಪಗರ್ ಏನಿಲ್ಲ, ಎಂದೂ ಚೆಕ್ ಮಾಡಿಸಿಲ್ಲ. ಗುಟ್ಕಾ ಒಂದ್ ಬಿಟ್ರ ಬ್ಯಾರೆ ಚಟ ಇಲ್ಲ. ಸುಮ್ನ ಜನರನ್ನ ಹೆದರಸಬ್ಯಾಡ್ರಿ."

ಮೊದಲು ನಿಮಗೆ ಒಂದು ದೊಡ್ಡ ನಮಸ್ಕಾರ. ಈ ವಿಷಯನ ಇಷ್ಟು ಬಿಚ್ಚು ಮನಸ್ಸಿಂದ ಬರೆಯೋ ಗಂಡಸರು ನಮ್ಮಲ್ಲಿ ಬಹಳ ಕಡಿಮೆ, ಹೆಂಡತಿ ಹತ್ರನೂ ಬಾಯಿ ಬಿಡದೆ ವರ್ಷಗಟ್ಟಲೆ ಬೇರೆ ಕೋಣೆಲಿ ಮಲಗೋರೇ ಜಾಸ್ತಿ. ನಿಮ್ಮ ಗೆಳೆಯರು ಹೇಳಿದ್ದರಲ್ಲೂ ನಿಜ ಇದೆ, ಟೆನ್ಶನ್ನಿಂದ ಈ ತೊಂದರೆ ಬರುತ್ತೆ. ಇಪ್ಪತ್ತೈದರ ಹುಡುಗ, ಬೆಳಗ್ಗೆ ಏಳೋವಾಗ ಎಲ್ಲಾ ಸರಿಯಾಗೇ ಇರುತ್ತೆ, ಹೆಂಡತಿ ಜೊತೆ ಇರೋವಾಗ ಮಾತ್ರ ಆಗಲ್ಲ, ಅದೂ ಇದ್ದಕ್ಕಿದ್ದಂತೆ ಶುರುವಾಗಿದೆ ಅಂದ್ರೆ ಅಲ್ಲಿ ಮನಸ್ಸಿನ ಪಾತ್ರನೇ ದೊಡ್ಡದು, ಕೌನ್ಸೆಲಿಂಗ್ ಚೆನ್ನಾಗಿ ಕೆಲಸ ಮಾಡುತ್ತೆ. ಮಾತ್ರೆನೂ ಒಳ್ಳೇ ಮಾತ್ರೆನೇ, ಸರಿಯಾಗಿ ತಗೊಂಡ್ರೆ ಬಹಳ ಜನಕ್ಕೆ ಉಪಯೋಗ ಆಗಿದೆ.

ಆದ್ರೆ ಸ್ವಾಮಿ, ನಿಮ್ಮ ಪತ್ರನ ನೀವೇ ಇನ್ನೊಂದ್ಸಲ ಓದಿ. 48 ವರ್ಷ, ನಿಧಾನಕ್ಕೆ ಕಡಿಮೆ ಆಗ್ತಾ ಬಂದಿದ್ದು, ಬಾಯಲ್ಲಿ ಗುಟ್ಕಾ. ಶುಗರ್ ಇಲ್ಲ ಅಂತೀರಿ, ಅದೇ ಉಸಿರಲ್ಲಿ ಎಂದೂ ಚೆಕ್ ಮಾಡಿಸಿಲ್ಲ ಅಂತೀರಿ. ಚೆಕ್ ಮಾಡಿಸದೆ ಇಲ್ಲ ಅಂತ ಹೇಗೆ ಗೊತ್ತಾಯ್ತು? ನಿಮ್ಮ ಮೇಲಿನ ಪ್ರೀತಿಯಿಂದ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ.

ನಿಮಿರುವಿಕೆ ಅನ್ನೋದು ಮೂಲದಲ್ಲಿ ರಕ್ತದ ಕೆಲಸ. ಮೆದುಳಿಂದ ನರದ ಮೂಲಕ ಸೂಚನೆ ಬರುತ್ತೆ, ಶಿಶ್ನದ ನರದ ತುದಿಗಳಿಂದ ಮತ್ತೆ ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಹೊರಗೆ ಬರುತ್ತೆ, ಸ್ನಾಯು ಸಡಿಲ ಆಗಿ ರಕ್ತ ಒಳಗೆ ನುಗ್ಗುತ್ತೆ, ಹೊರಗೆ ಹೋಗೋ ನಾಳಗಳು ಒತ್ತಿಕೊಂಡು ರಕ್ತ ಅಲ್ಲೇ ನಿಲ್ಲುತ್ತೆ. ಈ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳಿಗೆ ಸಂದೇಶ ಒಯ್ಯುತ್ತೆ ಅಂತ ಕಂಡುಹಿಡಿದಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮಾರ್ಚ್ 27ಕ್ಕೆ ಅಮೆರಿಕದಲ್ಲಿ ನಿಮಿರುವಿಕೆ ತೊಂದರೆಗೆ ಕೊಡೋ ಸಿಲ್ಡೆನಫಿಲ್ ಮಾತ್ರೆಗೆ, ಅಂದ್ರೆ ವಯಾಗ್ರಕ್ಕೆ, ಅನುಮತಿ ಸಿಕ್ತು. ಈ ಮಾತ್ರೆ ಶುರುವಾಗಿದ್ದೇ ಎದೆನೋವಿಗೆ ಅಂತ, ಇಂಗ್ಲೆಂಡಿನ ಸ್ಯಾಂಡ್‌ವಿಚ್ ಅನ್ನೋ ಊರಲ್ಲಿದ್ದ ಫೈಜರ್ ಕಂಪನಿ ಲ್ಯಾಬಲ್ಲಿ. ಎದೆನೋವಿಗೆ ಅಷ್ಟಾಗಿ ಉಪಯೋಗ ಬರಲಿಲ್ಲ, ಈ ಇನ್ನೊಂದು ಪರಿಣಾಮ ಕಂಡುಬಂತು. ಅಂದ್ರೆ ಹೃದಯಕ್ಕೂ ಇದಕ್ಕೂ ಇರೋ ನಂಟು ಮಾತ್ರೆ ಹುಟ್ಟಿದ ಕಥೆಯಲ್ಲೇ ಇದೆ.

ಈಗ ನಾಳದ ಅಳತೆ ನೋಡಿ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರ್ನಾಲ್ಕು ಮಿಲಿಮೀಟರ್. ಶುಗರ್ರು, ಬಿಪಿ, ತಂಬಾಕು, ಕೊಲೆಸ್ಟ್ರಾಲ್ ಇವೆಲ್ಲ ಇಡೀ ಮೈಯ ನಾಳಗಳನ್ನ ಒಟ್ಟಿಗೇ ಕೆಡಿಸ್ತವೆ, ಆದ್ರೆ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತೆ. ಅಡಿಕೆ ತೋಟದಲ್ಲಿ ಡ್ರಿಪ್ ಹಾಕಿದೋರಿಗೆ ಇದು ಗೊತ್ತು, ನೀರಲ್ಲಿ ಕಸ ಇದ್ರೆ ಮೊದಲು ಕಟ್ಕೊಳ್ಳೋದು ತುದಿಯ ಸಣ್ಣ ತೂತು, ಮೇನ್ ಪೈಪಲ್ಲಿ ಆಮೇಲೆ. ಹೃದಯದ ತೊಂದರೆ ಕಾಣಿಸ್ಕೊಳ್ಳೋಕೆ ಎರಡರಿಂದ ಐದು ವರ್ಷ ಮೊದಲೇ ಎಷ್ಟೋ ಜನರಲ್ಲಿ ಈ ಲಕ್ಷಣ ಬಂದಿರುತ್ತೆ ಅಂತ ಹೃದಯದ ಡಾಕ್ಟರುಗಳು ಹೇಳ್ತಾರೆ. ಎಲ್ಲರಿಗೂ ಹಾಗೇ ಆಗುತ್ತೆ ಅಂತಲ್ಲ. ಆದ್ರೆ ಎಚ್ಚರಿಕೆ ಕೊಡೋಕೆ ದೇಹ ಎರಡು ವರ್ಷ ಟೈಮ್ ಕೊಟ್ಟಾಗ ಅದನ್ನ ಒಂದು ಗುಳಿಗೆಯಿಂದ ಬಾಯಿ ಮುಚ್ಚಿಸೋದು ಎಷ್ಟು ಸರಿ?

ನಮ್ಮ ದೂರದ ಸಂಬಂಧಿಕರೊಬ್ಬರಿದ್ರು, ಬ್ಯಾಂಕಲ್ಲಿ ಕೆಲಸ, ಅವರೂ ನಿಮ್ಮ ಹಾಗೇ ಅಂಗಡಿಯಿಂದ ಮಾತ್ರೆ ತರಿಸಿಕೊಂಡು ತಗೊಳ್ತಿದ್ರಂತೆ, ಯಾರಿಗೂ ಹೇಳಿರಲಿಲ್ಲ. ಒಂದಿನ ಎದೆ ಹಿಡ್ಕೊಂಡು ಆಸ್ಪತ್ರೆ ಸೇರಿದಾಗ ಶುಗರ್ ಮುನ್ನೂರರ ಮೇಲಿತ್ತು. ಪುಣ್ಯಕ್ಕೆ ಸ್ಟೆಂಟ್ ಹಾಕಿ ಉಳಿಸಿದ್ರು. ಅವರ ಹೆಂಡತಿ ನನ್ನ ಹತ್ರ ಹೇಳಿದ್ದು ಇಷ್ಟೇ, "ನಂಗೆ ಒಂದ್ ಮಾತು ಹೇಳಿದ್ರೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೆ."

ಆ ಅಂಗಡಿ ಹುಡುಗನ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಇದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ. ಎದೆನೋವಿಗೆ ಐಸೊಸಾರ್ಬೈಡ್ ಥರದ, ನಾಲಿಗೆ ಕೆಳಗೆ ಇಟ್ಕೊಳ್ಳೋ ನೈಟ್ರೇಟ್ ಮಾತ್ರೆ ತಗೊಳ್ಳೋರು ಇದನ್ನ ಮುಟ್ಟಲೇಬಾರದು, ಎರಡೂ ಸೇರಿದ್ರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಅಪಾಯ. ಸಿಲ್ಡೆನಫಿಲ್ ತಗೊಂಡು 24 ಗಂಟೆ, ಅದೇ ಜಾತಿಯ ಟಡಾಲಫಿಲ್ ಆದ್ರೆ 48 ಗಂಟೆ ನೈಟ್ರೇಟ್ ಕೊಡಬಾರದು ಅಂತ ನಿಯಮ. ಹಾಗಾಗಿ ಯಾವತ್ತಾದ್ರೂ ಎದೆನೋವು ಅಂತ ಆಸ್ಪತ್ರೆಗೆ ಹೋದ್ರೆ ನಾಚಿಕೆ ಬಿಟ್ಟು, ಈ ಮಾತ್ರೆ ಯಾವಾಗ ತಗೊಂಡೆ ಅಂತ ಮೊದಲು ಹೇಳಬೇಕು. ಪ್ರಾಸ್ಟೇಟ್ ತೊಂದರೆಗೆ ಕೆಲವು ಮಾತ್ರೆ ತಗೊಳ್ಳೋರಿಗೂ ಇದು ಜೊತೆ ಸೇರಿದ್ರೆ ಬಿಪಿ ಇಳಿದು ತಲೆಸುತ್ತು ಬರಬಹುದು. ಇದರಲ್ಲಿ ಒಂದಾದ್ರೂ ಆ ಹುಡುಗ ನಿಮ್ಮನ್ನ ಕೇಳಿದನಾ?

ಟೆಸ್ಟು ಅಂದ್ರೆ ದೊಡ್ಡ ಭೂತ ಏನಲ್ಲ. ಬಿಪಿ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆ ಶುಗರ್, ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಆಮೇಲೆ ಬೆಳಗ್ಗೆ ಹನ್ನೊಂದರ ಒಳಗೆ ರಕ್ತ ಕೊಟ್ಟು ನೋಡೋ ಟೆಸ್ಟೋಸ್ಟೆರಾನ್. ಅದಕ್ಕೂ ಮೊದಲು ಡಾಕ್ಟರು ಮಾತಾಡಿಸ್ಬೇಕು, ಯಾವಾಗಿಂದ, ಬೆಳಗಿನ ಹೊತ್ತು ಹೇಗಿದೆ, ಬೇರೆ ಯಾವ ಮಾತ್ರೆ ನಡೀತಿದೆ ಅಂತ. ಕೆಲವು ಬಿಪಿ ಮಾತ್ರೆ, ಡಿಪ್ರೆಶನ್ ಮಾತ್ರೆಯಿಂದಲೂ ಹೀಗಾಗುತ್ತೆ, ಬದಲಾಯಿಸಿ ಕೊಡಬಹುದು, ಆದ್ರೆ ನಾವೇ ನಿಲ್ಲಿಸಬಾರದು. ಸ್ಕ್ಯಾನು ಎಲ್ಲರಿಗೂ ಬೇಕಾಗಲ್ಲ. ಮಾತ್ರೆ ಹಿಡಿಯದಿದ್ರೆ ವ್ಯಾಕ್ಯೂಮ್ ಸಾಧನ, ಇಂಜೆಕ್ಷನ್, ಕೊನೆಗೆ ಆಪರೇಶನ್ ಮಾಡಿ ಇಂಪ್ಲಾಂಟ್ ಹಾಕೋದು ಇವೂ ಇವೆ, ಅದನ್ನ ಯೂರಾಲಜಿಸ್ಟ್, ಅಂದ್ರೆ ಮೂತ್ರಾಂಗದ ಡಾಕ್ಟರು, ನೋಡ್ಕೋತಾರೆ.

ಮತ್ತೆ ಮಾತ್ರೆ ನಾಳನ ರಿಪೇರಿ ಮಾಡಲ್ಲ, ಕೆಲವು ಗಂಟೆ ಕಾಲ ರಕ್ತ ಹರಿಯೋಕೆ ಸಹಾಯ ಮಾಡುತ್ತೆ ಅಷ್ಟೇ. ನಾಳಕ್ಕೆ ಒಳ್ಳೇದು ಮಾಡೋದು ನಡಿಗೆ, ತೂಕ ಇಳಿಸೋದು, ತಂಬಾಕು ಬಿಡೋದು. ಇಟಲಿಯಲ್ಲಿ ಈ ತೊಂದರೆ ಇದ್ದ 110 ದಪ್ಪ ಗಂಡಸರನ್ನ ಎರಡು ವರ್ಷ ನೋಡಿದ್ರು, 2004ರಲ್ಲಿ ಪ್ರಕಟ ಆಯ್ತು. ಊಟ, ವ್ಯಾಯಾಮದ ಬಗ್ಗೆ ಕೂತು ಹೇಳಿಕೊಟ್ಟು ಮಾಡಿಸಿದ 55 ಜನರಲ್ಲಿ 17 ಜನಕ್ಕೆ ಸರಿಹೋಯ್ತು, ಬರೀ ಸಾಮಾನ್ಯ ಸಲಹೆ ಕೊಟ್ಟು ಬಿಟ್ಟ ಇನ್ನೊಂದು 55ರಲ್ಲಿ ಮೂರೇ ಜನಕ್ಕೆ. ನನಗೆ ಈ ವಿಷಯದಲ್ಲಿ ಬಹಳ ನಂಬಿಕೆ ಬಂದಿದ್ದು ಇದನ್ನ ಓದಿದ ಮೇಲೆ.

ತಪ್ಪೆಲ್ಲ ನಿಮ್ಮದು ಅಂತ ನಾನು ಹೇಳಲ್ಲ. ನಮ್ಮ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಡಯಾಬಿಟಿಸ್ ಇದೆ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ 2023ರಲ್ಲಿ ಹೇಳ್ತು. ಶುಗರ್ ಕ್ಲಿನಿಕ್ಕಲ್ಲಿ ಕಣ್ಣು ನೋಡ್ತಾರೆ, ಕಾಲು ನೋಡ್ತಾರೆ, ಈ ಒಂದು ಪ್ರಶ್ನೆ ಮಾತ್ರ ಎಷ್ಟೋ ಕಡೆ ಕೇಳೋದೇ ಇಲ್ಲ. ಕೇಳಿದ್ರೂ ಹೇಗೆ ಹೇಳೋದು, ಡಾಕ್ಟರ ಟೇಬಲ್ ಸುತ್ತ ಇನ್ನೂ ನಾಲ್ಕು ಪೇಷಂಟ್ ನಿಂತಿರ್ತಾರೆ, ಬಾಗಿಲಲ್ಲಿ ಕಾಂಪೌಂಡರ್, ಒಂದು ಪರದೆ ಇಲ್ಲ. ಅಲ್ಲಿ ಬಾಯಿ ಬಿಡಲಾರದ ಗಂಡಸು ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಫೋನ್ ನಂಬರಿಗೆ ಕಾಲ್ ಮಾಡ್ತಾನೆ. ಗುಪ್ತರೋಗ, ನರದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ ಅಂತ ಬರೆಯೋದನ್ನ ತಡೆಯೋಕೆ 1954ರಿಂದ ಕಾನೂನಿದೆ, ಆದ್ರೂ ಆ ಗೋಡೆಗಳು ಹಾಗೇ ಇವೆ, ಲಾಡ್ಜಲ್ಲಿ ತಿಂಗಳಿಗೊಂದ್ಸಲ ಬರೋ ವೈದ್ಯರೂ ಹಾಗೇ ಇದಾರೆ. 2025ರಲ್ಲಿ ಬೆಂಗಳೂರಿನ ಒಬ್ಬ ಟೆಕ್ಕಿ ರಸ್ತೆ ಬದಿ ಟೆಂಟಿನ ಗುರೂಜಿ ನಂಬಿ ಸುಮಾರು 48 ಲಕ್ಷ ಕಳ್ಕೊಂಡೆ, ಕಿಡ್ನಿಗೂ ಪೆಟ್ಟು ಬಿತ್ತು ಅಂತ ಪೊಲೀಸರಿಗೆ ದೂರು ಕೊಟ್ಟಿದ್ದನ್ನ ನೀವೂ ಓದಿರ್ತೀರಿ. ಅಷ್ಟು ಓದಿದ ಹುಡುಗನನ್ನ ಅಲ್ಲಿವರೆಗೆ ತಳ್ಳಿದ್ದು ನಾಚಿಕೆ. ಇನ್ನು 'ಬರೀ ಗಿಡಮೂಲಿಕೆ' ಅಂತ ಮಾರೋ ಪುಡಿಗಳಲ್ಲಿ ಲೇಬಲ್ ಮೇಲೆ ಹೇಳದೆ ಇದೇ ಸಿಲ್ಡೆನಫಿಲ್ ಬೆರೆಸಿರೋದನ್ನ ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಮಾಡಿದೆ. ಹಾರ್ಟ್ ಪೇಷಂಟ್ ಒಬ್ಬರು ಮೂಲಿಕೆ ತಾನೇ ಅಂತ ಅದನ್ನ ನುಂಗಿದ್ರೆ ಗತಿ ಏನು ಯೋಚನೆ ಮಾಡಿ. ನಮ್ಮ ಪತ್ರಿಕೆಗೆ ಅಂಥ ಜಾಹೀರಾತು ಬಂದಾಗೆಲ್ಲ ವಾಪಸ್ ಕಳಿಸಿದೀವಿ, ಮುಂದೆನೂ ಕಳಿಸ್ತೀವಿ.

ಖರ್ಚಿನ ಮಾತು ಕೇಳಿದ್ರಿ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ನೋಡೋ ವ್ಯವಸ್ಥೆ ಸರ್ಕಾರಿ ಆಸ್ಪತ್ರೆಲೇ ಇದೆ, ಅಲ್ಲಿಂದ ಶುರು ಮಾಡಿ. ಖಾಲಿ ಹೊಟ್ಟೆಲಿ ಹೋಗಿ, ಮನೆಯವರನ್ನೂ ಕರ್ಕೊಂಡು ಹೋಗಿ, ಈಗ ತಗೊಳ್ತಿರೋ ಗುಳಿಗೆಯ ಸ್ಟ್ರಿಪ್‌ನ ಜೇಬಲ್ಲಿ ಇಟ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಮೆಟ್ಟಿಲು ಹತ್ತೋವಾಗ ಎದೆ ಹಿಡಿಯುತ್ತಾ, ಏದುಸಿರು ಬರುತ್ತಾ ಅನ್ನೋದನ್ನೂ ಮುಚ್ಚಿಡದೆ ಹೇಳಿ. ಅವರು ನೋಡಿ ಸರಿ ಅನ್ನೋವರೆಗೆ ಆ ಗುಳಿಗೆ ಬೇಡ. ಗುಟ್ಕಾ ಮಾತ್ರ ಅಲ್ಲಿವರೆಗೂ ಕಾಯೋದು ಬೇಡ, ಇವತ್ತೇ ಬಿಡಿ.