ಬೆಂಗಳೂರಿನ ಚರ್ಚ್‌ಗೆ ಜೀನ್ಸ್ ನಡೆಯುತ್ತಾ, ತಲೆ ಮೇಲೆ ಸೆರಗು ಬೇಕೇ ಬೇಕಾ?

ಊರಿಂದ ಹೊಸದಾಗಿ ಬಂದಿದ್ದೇವೆ, ಭಾನುವಾರದ ಆರಾಧನೆಗೆ ಏನು ಹಾಕಿಕೊಂಡು ಹೋಗೋದು ಅಂತ ಕೇಳಿದ್ದೀರಿ. ಜೀನ್ಸ್ ಬಹುತೇಕ ಕಡೆ ನಡೆಯುತ್ತೆ. ಸೆರಗಿನ ಮಾತು ನೀವು ಯಾವ ಸಭೆಯವರು, ಅಂದರೆ ಕ್ರೈಸ್ತರಲ್ಲಿ ಯಾವ ಪಂಗಡದವರು ಅನ್ನೋದರ ಮೇಲಿದೆ.

ಕಥೋಲಿಕರಲ್ಲಿ ಹೆಂಗಸರು ತಲೆ ಮುಚ್ಚಬೇಕು ಅಂತ 1917ರ ಧರ್ಮಸಭೆಯ ಕಾನೂನಿನಲ್ಲಿತ್ತು. 1983ರ ಹೊಸ ಕಾನೂನಿನಲ್ಲಿ ಅದಿಲ್ಲ. ಆದರೂ ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಸಾಲಿನಲ್ಲಿ ಅಜ್ಜಿಯರ ಕೈ ತಾನಾಗೇ ಸೆರಗಿಗೆ ಹೋಗುತ್ತೆ, ಅವರ ಹಿಂದೆಯೇ ಕುರ್ತಾ-ಜೀನ್ಸ್ ಹುಡುಗಿ ಬರಿತಲೆಯಲ್ಲಿ ನಿಂತಿರ್ತಾಳೆ. ಯಾರೂ ಏನೂ ಅನ್ನಲ್ಲ. ಪ್ರೊಟೆಸ್ಟೆಂಟರ ಪೈಕಿ ಬ್ರದರನ್ ಮತ್ತು ಹಲವು ಪೆಂತೆಕೋಸ್ತ್ ಸಭೆಗಳಲ್ಲಿ ಹಾಗಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೇ ಅಧ್ಯಾಯ ಹಿಡಿದು ಮುಸುಕು ಕೇಳ್ತಾರೆ. ಕೆಲವರು ಒಡವೆಯನ್ನೂ ಹಾಕಲ್ಲ. ಬಾಗಿಲ ಹೊರಗೆ ಚಪ್ಪಲಿ ಸಾಲು ಕಂಡರೆ ನಿಮ್ಮದನ್ನೂ ಅಲ್ಲೇ ಬಿಡಿ.

ಗಂಡಸರಿಗೆ ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು ಸಾಕು. ಬರ್ಮುಡಾ ಬೇಡ ಮಾರಾಯ್ರೇ, ಎದುರಿಗೇ ಮನೆಯಿದ್ದರೂ!

ದುಬಾರಿ ಬಟ್ಟೆಯ ಚಿಂತೆಯಂತೂ ಬಿಡಿ. ಚಿನ್ನದುಂಗುರದವನಿಗೆ ಒಳ್ಳೆ ಜಾಗ ಕೊಟ್ಟು, ಕೊಳಕು ಬಟ್ಟೆಯ ಬಡವನನ್ನು ಕಾಲ ಬಳಿ ಕೂರಿಸುವವರನ್ನು ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಚೆನ್ನಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತೆ.

ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಹಬ್ಬಕ್ಕೆ ಹೋದರೆ ಕಾವಿ ಬಟ್ಟೆಯವರು ತುಂಬಾ ಸಿಗ್ತಾರೆ. ಅದು ಹರಕೆ, ಕಡ್ಡಾಯವಲ್ಲ. ಅಲ್ಲಿನ ಮಾತೆಗೂ ಸೀರೆಯೇ. ಆ ನೂಕುನುಗ್ಗಲಿಗೆ ಮಾತ್ರ ರೇಷ್ಮೆ ಬೇಡ, ಹತ್ತಿಯದ್ದೇ ಉಡಿ.