ವಕೀಲರು ಕಥೆ ಬರೆಯುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಕೀಲಿಕೆಯ ಜೊತೆಗೆ ಕಥೆ, ಕಾದಂಬರಿ ಬರೆಯುತ್ತಿರುವ ಓದುಗರ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ನಾನು ನಡೆಸಿದ ಒಂದು ವಿಚ್ಛೇದನದ ಕೇಸು ರಾಜಿಯಲ್ಲಿ ಮುಗಿದು ಮೂರು ವರ್ಷವಾಯಿತು. ಅದನ್ನು ಕಥೆ ಮಾಡಬೇಕೆಂಬ ಆಸೆ. ಹೆಸರು, ಊರು ಬದಲಾಯಿಸಿದರೆ ಸಾಕೇ?
– ವಕೀಲೆ, ತುಮಕೂರು

ಸಾಲದು. ಕಕ್ಷಿದಾರರು ನಿಮ್ಮನ್ನು ನಂಬಿ ಹೇಳಿದ ಮಾತು, ತೋರಿಸಿದ ಕಾಗದಪತ್ರದ ವಿವರ, ನೀವು ಕೊಟ್ಟ ಸಲಹೆ ಇವು ಯಾವುದನ್ನೂ ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಹಾಕುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುವುದು ಇದನ್ನೇ. ಹಳೆಯ ಕಾಯ್ದೆಯಲ್ಲಿ ಇದು 126 ಆಗಿತ್ತು. ಕೇಸು ಮುಗಿದರೂ ಈ ಹೊಣೆ ಮುಗಿಯುವುದಿಲ್ಲ. ನಿಮ್ಮ ಗುಮಾಸ್ತರಿಗೂ ಇದು ಅನ್ವಯಿಸುತ್ತದೆ. ಬಾರ್ ಕೌನ್ಸಿಲ್ ನಿಯಮಗಳೂ ಇದನ್ನು ವೃತ್ತಿಧರ್ಮದೊಳಗೆ ಸೇರಿಸಿರುವುದರಿಂದ, ದೂರು ಹೋದರೆ ವಕೀಲರ ಕಾಯ್ದೆಯ 35ನೇ ಕಲಮಿನಡಿ ಶಿಸ್ತಿನ ವಿಚಾರಣೆ ಎದುರಾಗಬಹುದು. ನಿಮ್ಮದು ಹಿಂದೂ ವಿವಾಹ ಕಾಯ್ದೆಯ ಪ್ರಕರಣವಾದರೆ ಇನ್ನೊಂದು ತಡೆಯೂ ಇದೆ: 22ನೇ ಕಲಮಿನ ಪ್ರಕಾರ ಅಂಥ ನಡಾವಳಿಗೆ ಸಂಬಂಧಿಸಿದ ಯಾವ ವಿಷಯವನ್ನೂ ಅಚ್ಚು ಹಾಕುವಂತಿಲ್ಲ. ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿನ ತೀರ್ಪನ್ನು ಮಾತ್ರ ನ್ಯಾಯಾಲಯದ ಅನುಮತಿ ಪಡೆದು ಪ್ರಕಟಿಸಬಹುದು.

ಹಾಗೆಂದು ಅನುಭವವನ್ನೆಲ್ಲ ಬೀಗ ಹಾಕಿ ಇಡಬೇಕಿಲ್ಲ. ಕೇಸಿನಿಂದ ತೆಗೆದುಕೊಳ್ಳಬಹುದಾದದ್ದು ಅದರ ಒಳಗಿನ ಗಂಟು ಮಾತ್ರ. ಉದಾಹರಣೆಗೆ, ಬೇರೆಯಾಗಲು ಒಪ್ಪಿದ ಇಬ್ಬರೂ ಒಂದು ಸಣ್ಣ ವಸ್ತುವನ್ನು ಬಿಟ್ಟುಕೊಡಲು ಒಪ್ಪದೆ ನಿಲ್ಲುವುದು. ಆ ಗಂಟನ್ನು ಒಂದು ಸಾಲಿನಲ್ಲಿ ಬರೆದುಕೊಂಡು ಕೇಸು ಕಟ್ಟನ್ನು ಮುಚ್ಚಿಡಿ. ಆಮೇಲೆ ಜನರನ್ನು ಹೊಸದಾಗಿ ಕಟ್ಟಿ. ವೃತ್ತಿ, ಜಾತಿ, ಮಕ್ಕಳ ಸಂಖ್ಯೆ, ಘಟನೆ ನಡೆದ ವರ್ಷ, ಜಗಳದ ವಸ್ತು, ಈ ಐದೂ ಬದಲಾಗಬೇಕು. ದೂರು ಕೊಟ್ಟದ್ದು ಹೆಂಡತಿಯಾಗಿದ್ದರೆ ಕಥೆಯಲ್ಲಿ ಗಂಡ ಕೊಡಲಿ. ಒಂದು ಬದಲಾದರೆ ಅದರ ಹಿಂದೆ ಉಳಿದದ್ದೂ ಬದಲಾಗಲೇಬೇಕು: ಅಡಿಕೆ ತೋಟದವರನ್ನು ನೇಕಾರರನ್ನಾಗಿ ಮಾಡಿದರೆ ಹಣ ಬರುವ ತಿಂಗಳು, ಸಾಲದ ಬಗೆ, ಮನೆಯೊಳಗಿನ ಸದ್ದು ಎಲ್ಲವೂ ಬೇರೆ. ಅಲ್ಲಿಂದಲೇ ಅದು ನಿಮ್ಮ ಕಥೆಯಾಗತೊಡಗುತ್ತದೆ.

ಎಡವುವುದು ಸಾಮಾನ್ಯವಾಗಿ ಸಣ್ಣ ವಿವರದಲ್ಲಿ. ಹೆಸರನ್ನು ಬದಲಾಯಿಸಿದ ವಕೀಲರೇ, ನಿಖರವಾಗಿ ಬರೆಯುವ ಅಭ್ಯಾಸದಿಂದ, ಮದುವೆ ಛತ್ರ, ನೋಟಿಸು ಕೊಟ್ಟ ವಾರ, ಮಾತ್ರೆಯ ಹೆಸರು ಇಂಥವನ್ನು ಹಾಗೇ ಉಳಿಸಿಬಿಡುತ್ತಾರೆ. ಅಪರಿಚಿತ ಓದುಗರಿಗೆ ಅದರಿಂದ ಏನೂ ತಿಳಿಯದು, ಆದರೆ ಕಕ್ಷಿದಾರರ ನಾದಿನಿಗೆ ಒಂದೇ ಪುಟದಲ್ಲಿ ತಿಳಿಯುತ್ತದೆ. ಕಥೆಯನ್ನು ಆ ನಾದಿನಿಯ ಕಣ್ಣಿನಿಂದ ಓದಿ ನೋಡಿ.

ಕಕ್ಷಿದಾರರು ಲಿಖಿತ ಒಪ್ಪಿಗೆ ಕೊಟ್ಟರೂ ಎದುರು ಪಕ್ಷದವರು ಒಪ್ಪಿದಂತಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟ ಕಾದಂಬರಿಗೂ ಅನ್ವಯಿಸುತ್ತದೆ. ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಎಂಬ ಸಾಲು ಗುರುತು ಸಿಗುವ ಪಾತ್ರವನ್ನು ಕಾಪಾಡುವುದಿಲ್ಲ. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಹೊರಬೀಳುವಂತೆ ಬರೆಯುವುದು ಅದೇ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇದೆ. ಅಂಥ ಕೇಸುಗಳಿಂದ ಗಂಟನ್ನೂ ಎತ್ತಿಕೊಳ್ಳಬೇಡಿ ಎಂಬುದು ನಮ್ಮ ಖಚಿತ ಸಲಹೆ. ಆ ಮಗು ದೊಡ್ಡದಾಗಿ ನಿಮ್ಮ ಕಥೆಯನ್ನು ಓದೀತು.

ಸೀನಿಯರ್ ಆಫೀಸಿನಲ್ಲಿ ರಾತ್ರಿ ಒಂಬತ್ತಾಗುತ್ತದೆ. ಬರೆಯಲು ವಕೀಲಿಕೆ ಬಿಡಬೇಕೇನೋ ಅನಿಸುತ್ತಿದೆ.
– ಜೂನಿಯರ್ ವಕೀಲ, ಬೆಂಗಳೂರು

ಬಿಡಬೇಡಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು, ಮತ್ತು ಆ ಪ್ರಶಸ್ತಿ ಬಂದದ್ದು ಸಣ್ಣ ಕಥೆಗಳಿಗೆ. ವಕೀಲರ ದಿನಕ್ಕೆ ಹೊಂದುವ ಪ್ರಕಾರವೂ ಅದೇ. ಎರಡೂವರೆ ಸಾವಿರ ಪದದ ಕಥೆಯನ್ನು ಐದು ದೃಶ್ಯಗಳಾಗಿ ಒಡೆದರೆ ಒಂದೊಂದು ಸುಮಾರು ಐನೂರು ಪದ, ಅಂದರೆ ಬೆಳಗಿನ ಎರಡು ಕೂರಿಕೆ.

ರಾತ್ರಿಯನ್ನು ನೆಚ್ಚಬೇಡಿ. ನಾಳೆಯ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ತಲೆಯಲ್ಲಿ ಸುತ್ತುತ್ತಿರುವಾಗ ಪಾತ್ರ ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ನಲವತ್ತು ನಿಮಿಷ, ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ಮತ್ತು ವಾಟ್ಸ್ಆ್ಯಪ್ ನೋಡುವ ಮೊದಲು ಬರೆಯಿರಿ. ನಿಲ್ಲಿಸುವಾಗ ಮುಂದೇನು ಎಂಬುದನ್ನು ಒಂದು ಸಾಲು ಬರೆದಿಡಿ. ನಾಲ್ಕು ದಿನ ಬಿಟ್ಟು ಬಂದರೂ ತುದಿ ಸಿಗುತ್ತದೆ. ಕೋರ್ಟ್ ಹಾಲಿನಲ್ಲಿ ಕೇಸು ಕೂಗುವುದನ್ನು ಕಾಯುವ ಹೊತ್ತು ಹೊಸ ಬರವಣಿಗೆಗೆ ಆಗದು, ಕಿವಿ ಕೂಗಿನ ಕಡೆಗೇ ಇರಬೇಕು. ಬರೆದದ್ದನ್ನು ತಿದ್ದಲು ಅದು ಸಾಕು. ಸಾಕ್ಷಿ ವಿಚಾರಣೆ ಅಥವಾ ಆರ್ಗ್ಯುಮೆಂಟ್ ಇರುವ ದಿನ ಬರೆಯಲೇಬೇಡಿ. ಆ ದಿನ ಕಕ್ಷಿದಾರರದ್ದು. ಸಿವಿಲ್ ಕಡೆಯವರಾದರೆ ಬೇಸಿಗೆ ರಜೆ ಕಾದಂಬರಿಯ ಮೊದಲ ಕರಡಿಗೆ ಸಿಗುವ ದೊಡ್ಡ ಅವಕಾಶ. ಕ್ರಿಮಿನಲ್ ಕಡೆಯವರು ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಮ್ಯಾಜಿಸ್ಟ್ರೇಟ್ ಕೋರ್ಟುಗಳು ಆಗಲೂ ನಡೆಯುತ್ತವೆ.

ಇನ್ನೊಂದು ಮಾತು: ಕಥೆಯ ಟಿಪ್ಪಣಿಯನ್ನು ಕೇಸು ಕಟ್ಟಿನ ಹಿಂಬದಿಯಲ್ಲಿ ಬರೆಯಬೇಡಿ. ಕಕ್ಷಿದಾರರು ವಕೀಲರನ್ನು ಬದಲಾಯಿಸಿದರೆ ಕಟ್ಟು ಬೇರೆಯವರ ಕೈಗೆ ಹೋಗುತ್ತದೆ. ಆಫೀಸಿನ ಕಂಪ್ಯೂಟರಿನಲ್ಲೂ ಬೇಡ.

ನನ್ನ ಕಥೆಗಳು ವಾದಪತ್ರದ ಹಾಗಿವೆ ಎಂದು ಸಂಪಾದಕರು ಹಿಂತಿರುಗಿಸುತ್ತಾರೆ. ಏನು ತಿದ್ದಲಿ?
– ವಕೀಲ, ಧಾರವಾಡ

‘ಸದರಿ’, ‘ಮೇಲ್ಕಂಡ’ ಇವನ್ನು ತೆಗೆಯುವುದು ಸುಲಭ. ಕಷ್ಟದ್ದು ಅದರ ಹಿಂದಿನ ಅಭ್ಯಾಸ. ವಾದಪತ್ರದಲ್ಲಿ ಹೇಳದ ಸಂಗತಿಗೆ ಆಮೇಲೆ ಸಾಕ್ಷ್ಯ ಕೊಡುವುದು ಕಷ್ಟ, ಅದಕ್ಕೇ ವಕೀಲರು ವಂಶವೃಕ್ಷದಿಂದ ದಾವೆ ಹೂಡಲು ಕಾರಣವಾದ ಘಟನೆಯವರೆಗೆ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಮೊದಲೇ ಹೇಳಿಬಿಡುತ್ತಾರೆ. ಕಥೆಯಲ್ಲಿ ಮೊದಲೇ ಹೇಳಿದ್ದು ಸತ್ತಂತೆ. ಕರಡು ಮುಗಿದ ಮೇಲೆ ಮೊದಲ ಒಂದೂವರೆ ಪುಟ ಮುಚ್ಚಿಟ್ಟು ಓದಿ. ಕಥೆ ಅರ್ಥವಾದರೆ ಆ ಭಾಗ ಬೇಕಿರಲಿಲ್ಲ.

ಸಂಭಾಷಣೆಗೆ ಸಾಕ್ಷಿ ಹೇಳಿಕೆಯಿಂದಲೇ ಅಭ್ಯಾಸ ಮಾಡಬಹುದು. ನಮ್ಮ ಕೋರ್ಟುಗಳ ಪಾಟೀಸವಾಲಿನಲ್ಲಿ ವಕೀಲರ ಪ್ರಶ್ನೆ, ಸಾಕ್ಷಿಯ ಉತ್ತರ ಎರಡೂ ಕೂಡಿ ‘ನಾನು ಆ ದಿನ ಮನೆಯಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ’ ಎಂಬ ಒಂದೇ ವಾಕ್ಯವಾಗಿ ದಾಖಲಾಗುತ್ತವೆ. ವಕೀಲರ ದನಿಯ ಏರಿಳಿತ, ಸಾಕ್ಷಿ ಸೆರಗು ಹಿಡಿದು ಸುಮ್ಮನೆ ನಿಂತ ಕ್ಷಣ, ಅವಳು ನಿಜವಾಗಿ ಆಡಿದ ‘ನಾನೆಲ್ಲೋಗ್ಲಿ ಸಾಮಿ, ಅಲ್ಲೇ ಇದ್ನಲ್ಲ’ ಎಂಬ ಮಾತು ಯಾವುದೂ ಅದರಲ್ಲಿಲ್ಲ. ಇಂಥ ಹತ್ತು ವಾಕ್ಯಗಳನ್ನು ನೀವೇ ಕಲ್ಪಿಸಿ, ಒಂದೊಂದನ್ನೂ ಎರಡು ದನಿಗಳಾಗಿ ಬಿಡಿಸಿ ಬರೆಯಿರಿ. ಧಾರವಾಡದ ಮಾತು ನಿಮ್ಮ ಕಿವಿಯಲ್ಲಿದೆ, ಅದನ್ನೇ ಹಾಕಿ.

ಕೋರ್ಟಿನ ದೃಶ್ಯ ಬರೆಯುವಾಗ ಸಿನಿಮಾದ ಸುತ್ತಿಗೆಯನ್ನು ಬಿಟ್ಟು, ನ್ಯಾಯಾಧೀಶರು ಸ್ಟೆನೊಗೆ ಹೇಳಿ ಬರೆಸುವಾಗ ಸಾಕ್ಷಿ ಸುಮ್ಮನೆ ಕಾಯುವ ಆ ಬಿಡುವನ್ನು ತನ್ನಿ. 2002ರ ತಿದ್ದುಪಡಿಯ ನಂತರ ಸಿವಿಲ್ ದಾವೆಯಲ್ಲಿ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನ ಕಡೆಯ ಮಾತನ್ನು ಮೊದಲು ಹೇಳುವುದು, ಅಫಿಡವಿಟ್ ಮೂಲಕ ಆಗುತ್ತದೆ. ಆದ್ದರಿಂದ ಇಂದಿನ ಪಾಲು ವಿಭಾಗದ ಕಥೆಯಲ್ಲಿ ಅಣ್ಣ ಕಟಕಟೆ ಹತ್ತಿ ತನ್ನ ಕಥೆಯನ್ನೆಲ್ಲ ಹೇಳುವಂತೆ ಬರೆದರೆ ತಪ್ಪಾಗುತ್ತದೆ. ಅವನಿಗೆ ಅಲ್ಲಿ ಎದುರಾಗುವುದು ಪಾಟೀಸವಾಲು. ತನ್ನ ಮಾತು ತಾನು ಹೇಳಲಾಗದೆ ಬರೀ ಪ್ರಶ್ನೆ ಎದುರಿಸುವ ಮನುಷ್ಯ ಕಥೆಗೆ ಹೆಚ್ಚು ಕಸುವಿನ ವಸ್ತು.

ಕಥೆಗೆ ಸಂಭಾವನೆ, ಪುಸ್ತಕಕ್ಕೆ ರಾಯಧನ ಪಡೆದರೆ ಸನ್ನದಿಗೆ (ವಕೀಲಿಕೆಯ ಪರವಾನಗಿಗೆ) ತೊಂದರೆಯೇ? ಸ್ವಂತ ಪ್ರಕಾಶನ ಮಾಡಬಹುದೇ?
– ವಕೀಲೆ, ಶಿವಮೊಗ್ಗ

ಬರೆದದ್ದಕ್ಕೆ ಹಣ ಪಡೆಯುವುದು ತಪ್ಪಲ್ಲ. ಬಾರ್ ಕೌನ್ಸಿಲ್‌ನ 51ನೇ ನಿಯಮ ಪತ್ರಿಕೋದ್ಯಮ, ಪ್ರಸಾರ, ಬೋಧನೆಗಳಿಗೂ ಅವಕಾಶ ಕೊಡುತ್ತದೆ. ಪೂರ್ಣಾವಧಿ ಸಂಬಳದ ನೌಕರಿ ಆಗಬಾರದು ಅಷ್ಟೆ. ಪ್ರಕಾಶನ ವ್ಯಾಪಾರವನ್ನು ಸ್ವತಃ ನಡೆಸುವುದಕ್ಕೆ 47ನೇ ನಿಯಮ ಅಡ್ಡ ಬರುತ್ತದೆ. ಬೆನ್ನುಡಿಯ ಪರಿಚಯದಲ್ಲಿ ‘ವೃತ್ತಿಯಿಂದ ವಕೀಲೆ’ ಎಂದಷ್ಟೇ ಇರಲಿ. ಯಾವ ಬಗೆಯ ಕೇಸು ನಡೆಸುತ್ತೀರಿ, ಆಫೀಸು ಎಲ್ಲಿ, ಫೋನ್ ನಂಬರು ಏನು ಎಂದು ಹಾಕಿದರೆ 36ನೇ ನಿಯಮ ನಿಷೇಧಿಸುವ ಜಾಹೀರಾತಾಗುತ್ತದೆ.

ಪ್ರಕಾಶಕರ ಒಂದು ಪುಟದ ಪತ್ರಕ್ಕೆ ಸಹಿ ಹಾಕುವ ಮುನ್ನ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಇಟ್ಟುಕೊಂಡು ಓದಿ. ಅವಧಿ ಬರೆಯದಿದ್ದರೆ ಹಕ್ಕು ಐದು ವರ್ಷಕ್ಕೆ ಕೊಟ್ಟಂತೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಟ್ಟ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. ‘ಎಲ್ಲ ಹಕ್ಕುಗಳೂ’ ಎಂಬ ಪದವನ್ನು ಹೊಡೆದುಹಾಕಿ ‘ಕನ್ನಡ ಮುದ್ರಿತ ಆವೃತ್ತಿ’ ಎಂದು ಬರೆಯಿಸಿ. ಅನುವಾದ, ಆಡಿಯೊ, ಸಿನಿಮಾ ಹಕ್ಕು ನಿಮ್ಮ ಬಳಿಯೇ ಉಳಿಯಲಿ.