12ರಿಂದ 14 ವರ್ಷದ ಮಕ್ಕಳ ಲಿಂಗ ಧೋರಣೆಯನ್ನು ಅಳೆಯಲು ಯಾವ ಮಾಪನ ಉತ್ತಮ?

ಶಾಲಾ ಕಾರ್ಯಕ್ರಮಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಪ್ರಶ್ನಾವಳಿ ತುಂಬಿಸಿ, ಹುಡುಗ ಹೀಗಿರಬೇಕು, ಹುಡುಗಿ ಹೀಗಿರಬೇಕು ಎಂಬ, ಮಕ್ಕಳ ಸುತ್ತಲಿನ ಕಟ್ಟುಪಾಡುಗಳು ಸಡಿಲಗೊಂಡಿವೆ ಎಂದು ತೋರಿಸಬೇಕು, ಅದಕ್ಕೊಂದು ಸಿದ್ಧ ಮಾಪನ ಹೇಳಿ ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ಹೊರಟವನು. ಮಾಪನ ಸಿಕ್ಕಿತು, ಅಂಕಗಳೂ ಏರಿದವು. ಆದರೆ ವರದಿಯಲ್ಲಿ ಹೇಳಲೇಬೇಕಾಗಿದ್ದ ಮಾತನ್ನು ಹೇಳಲು ಮಾತ್ರ ನಮ್ಮ ಬಳಿ ಏನೂ ಉಳಿದಿರಲಿಲ್ಲ.

ನಮ್ಮ ಮೊದಲ ಕರಡಿನಲ್ಲಿ ಎರಡು ಬಗೆಯ ಹೇಳಿಕೆಗಳಿದ್ದವು. ಕೆಲವು ಮಗುವಿನ ಸ್ವಂತ ಅಭಿಪ್ರಾಯವನ್ನು ಕೇಳುತ್ತಿದ್ದವು: 'ಮನೆಗೆಲಸ ಹುಡುಗಿಯರದೇ ಜವಾಬ್ದಾರಿ' ಎಂಬುದನ್ನು ನೀನು ಒಪ್ಪುತ್ತೀಯಾ, ಇಲ್ಲವಾ. ಉಳಿದವು ಸುತ್ತಲಿನವರ ಬಗ್ಗೆ ಮಗುವಿಗಿರುವ ಅಂದಾಜನ್ನು ಕೇಳುತ್ತಿದ್ದವು: 'ಹುಡುಗನೊಬ್ಬ ಪಾತ್ರೆ ತೊಳೆಯುವುದು ಗೊತ್ತಾದರೆ ನನ್ನ ತರಗತಿಯ ಹುಡುಗರು ಗೇಲಿ ಮಾಡುತ್ತಾರೆ'. ಪ್ರಾಯೋಗಿಕ ಸುತ್ತಿನ ಉತ್ತರಗಳು ಕೈಗೆ ಬಂದ ಮೇಲೆ ಕ್ರಾನ್‌ಬಾಕ್ ಆಲ್ಫಾ ಲೆಕ್ಕ ಹಾಕಿದೆವು. ಒಂದು ಮಾಪನದೊಳಗಿನ ಹೇಳಿಕೆಗಳಿಗೆ ಬರುವ ಉತ್ತರಗಳು ಎಷ್ಟರಮಟ್ಟಿಗೆ ಒಟ್ಟಾಗಿ ಏರಿಳಿಯುತ್ತವೆ ಎಂಬುದನ್ನು ಹೇಳುವ ಸಂಖ್ಯೆ ಅದು, 0.7 ದಾಟಿದರೆ ಸಾಕು ಎಂಬುದು ಈ ಕೆಲಸದಲ್ಲಿರುವವರ ವಾಡಿಕೆ. ನಮ್ಮದು ದಾಟಲಿಲ್ಲ. ಎರಡನೆಯ ಬಗೆಯ ಹೇಳಿಕೆಗಳನ್ನು ಕೈಬಿಟ್ಟು ನೋಡಿದಾಗ ದಾಟಿತು. ಹಾಗಾಗಿ ಅವನ್ನು ಕೈಬಿಟ್ಟೆವು, ಪ್ರಶ್ನಾವಳಿ ಚಿಕ್ಕದಾಯಿತೆಂದು ಖುಷಿಯನ್ನೂ ಪಟ್ಟೆವು.

ಇಲ್ಲಿ ಏನಾಯಿತೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಪಾತ್ರೆ ತೊಳೆಯುವುದರಲ್ಲಿ ತಪ್ಪೇನಿಲ್ಲ ಎಂದು ನಂಬುವ ಹುಡುಗನೇ ತನ್ನ ಗೆಳೆಯರು ನಗುತ್ತಾರೆ ಎಂದೂ ನಂಬಬಹುದು. ಅವನ ಎರಡು ಉತ್ತರಗಳು ಒಂದೇ ದಿಕ್ಕಿಗೆ ಹೋಗದಿರುವುದು ಮಾಪನದ ದೋಷವಲ್ಲ. ಅವನ ಮನಸ್ಸಿಗೂ ಅವನ ಸುತ್ತಲಿನ ಕಟ್ಟುಪಾಡಿಗೂ ನಡುವೆ ಇರುವ ಅಂತರವೇ ಹಾಗೆ ಅಂಕಿಗಳಲ್ಲಿ ಕಾಣಿಸಿಕೊಂಡಿತ್ತು. ಆಲ್ಫಾಕ್ಕೆ ಅಂತರ ಬೇಕಿಲ್ಲ, ಒಗ್ಗಟ್ಟು ಬೇಕು. ಎರಡು ಬೇರೆ ಸಂಗತಿಗಳನ್ನು ಒಂದೇ ಮಾಪನವೆಂದು ಅದರ ಮುಂದಿಟ್ಟವರು ನಾವು. ಎರಡಕ್ಕೂ ಪ್ರತ್ಯೇಕ ಲೆಕ್ಕ ಮಾಡಿದ್ದರೆ ಸಾಕಿತ್ತು. ಅದರ ಬದಲು, ಯಾವುದನ್ನು ಅಳೆಯಲು ಹೊರಟಿದ್ದೆವೋ ಅದನ್ನೇ ಅಳತೆಯ ಗುಣಮಟ್ಟದ ಹೆಸರಿನಲ್ಲಿ ಹೊರಗೆ ಹಾಕಿದೆವು.

ಕಾರ್ಯಕ್ರಮ ಮುಗಿದಾಗ ಮಕ್ಕಳ ಸ್ವಂತ ಧೋರಣೆಯ ಅಂಕಗಳು ಚೆನ್ನಾಗಿಯೇ ಏರಿದ್ದವು. ನಡವಳಿಕೆ ಮಾತ್ರ ಇದ್ದಲ್ಲೇ ಇತ್ತು: ಹುಡುಗರು ಮನೆಗೆಲಸಕ್ಕೆ ಕೈ ಹಾಕುತ್ತಿರಲಿಲ್ಲ, ಹುಡುಗಿಯರು ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ನಿಲ್ಲುತ್ತಿರಲಿಲ್ಲ. ಕಾರಣ ಗೆಳೆಯರ ಭಯವೋ, ತಂದೆತಾಯಿಯ ನಿರೀಕ್ಷೆಯೋ ಎಂದು ಹಣ ಕೊಟ್ಟವರು ಕೇಳಿದರು. ಆರಂಭದಲ್ಲಿ ಮಕ್ಕಳು ಸುತ್ತಲಿನವರ ಬಗ್ಗೆ ಏನೆಂದುಕೊಂಡಿದ್ದರು ಎಂಬುದನ್ನು ಎರಡು ವರ್ಷ ಕಳೆದ ಮೇಲೆ ಕೇಳಿ ತಿಳಿಯಲಾಗುವುದಿಲ್ಲ. ಹೋದ ಬೇಸ್‌ಲೈನ್, ಅಂದರೆ ಕಾರ್ಯಕ್ರಮಕ್ಕೆ ಮೊದಲಿನ ಅಳತೆ, ಹೋದದ್ದೇ. ಎರಡನೆಯ ಹಂತಕ್ಕೆ ಮಂಜೂರಾತಿ ಸಿಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಧೋರಣೆ ಮಗುವಿನೊಳಗಿನದು, ಕಟ್ಟುಪಾಡು ಜನರ ನಡುವಿನದು. ಮೊದಲನೆಯದರ ಸರಾಸರಿ ತೆಗೆದರೆ ಎರಡನೆಯದು ಸಿಗುವುದಿಲ್ಲ. ಕ್ರಿಸ್ಟಿನಾ ಬಿಕ್ಕಿಯೇರಿ ಎಂಬ ತತ್ತ್ವಶಾಸ್ತ್ರಜ್ಞೆ ಕಟ್ಟುಪಾಡನ್ನು ಎರಡು ನಿರೀಕ್ಷೆಗಳಾಗಿ ಬಿಡಿಸುತ್ತಾರೆ: ಇತರರು ಹೀಗೆ ಮಾಡುತ್ತಾರೆ ಎಂಬುದು ಒಂದು, ನಾನೂ ಹೀಗೆಯೇ ಮಾಡಬೇಕೆಂದು ಅವರು ಬಯಸುತ್ತಾರೆ ಎಂಬುದು ಇನ್ನೊಂದು. ಈ ಅಂದಾಜುಗಳು ಪೂರ್ತಿ ತಪ್ಪಾಗಿಯೂ ಇರಬಹುದು. ಸೌದಿ ಅರೇಬಿಯಾದ ವಿವಾಹಿತ ಯುವಕರ ನಡುವೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಹಿಳೆಯರು ಹೊರಗೆ ದುಡಿಯುವುದನ್ನು ಬಹುಪಾಲು ಯುವಕರು ಒಳಗೊಳಗೇ ಒಪ್ಪುತ್ತಿದ್ದರು, ಆದರೆ ತಮ್ಮಂತಹ ಇತರರು ಅಷ್ಟಾಗಿ ಒಪ್ಪುವುದಿಲ್ಲ ಎಂದುಕೊಂಡಿದ್ದರು. ಸ್ವಂತ ಅಭಿಪ್ರಾಯವನ್ನಷ್ಟೇ ಕೇಳಿದ್ದರೆ ಆ ಸಮೀಕ್ಷೆಗೆ ಅಲ್ಲಿ ಸಮಸ್ಯೆಯೇ ಕಾಣುತ್ತಿರಲಿಲ್ಲ.

ನೀವು ಹೆಸರಿಸಿದ ಜೆಂಡರ್ ಈಕ್ವಿಟೆಬಲ್ ಮೆನ್ ಮಾಪನದ ಬಗ್ಗೆಯೂ ಒಂದು ಮಾತು. 24 ಹೇಳಿಕೆಗಳ ಆ ಮಾಪನ 2008ರಲ್ಲಿ ಪ್ರಕಟವಾಯಿತು, ರೂಪುಗೊಂಡದ್ದು ಬ್ರೆಜಿಲ್‌ನ ಪುರುಷರಿಗಾಗಿ. ಲೈಂಗಿಕ ಸಂಬಂಧ, ಗರ್ಭನಿರೋಧಕ, ಸಂಗಾತಿಯ ಮೇಲಿನ ಹಿಂಸೆ ಅದರ ವಿಷಯಗಳು. ಅದು ಒಳ್ಳೆಯ ಮಾಪನವೇ, ಆದರೆ 12 ವರ್ಷದ ಮಗುವಿನ ಮುಂದೆ ಇಡುವಂಥದ್ದಲ್ಲ. 10ರಿಂದ 14 ವರ್ಷದವರಿಗೆಂದೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಆರಂಭಿಸಿದ ಗ್ಲೋಬಲ್ ಅರ್ಲಿ ಅಡೋಲೆಸೆಂಟ್ ಸ್ಟಡಿಯ ಪ್ರಶ್ನೆಗಳನ್ನು ಮೊದಲು ಓದಿ.

ನಿಮ್ಮ ಜಾಗದಲ್ಲಿ ಈಗ ನಾನಿದ್ದರೆ ಬದಲಾಗಬೇಕಾದ ಮೂರ್ನಾಲ್ಕು ನಡವಳಿಕೆಗಳನ್ನು ಮೊದಲು ಬರೆದಿಡುತ್ತೇನೆ, ಮಾಪನದ ಮಾತು ಆಮೇಲೆ. ಪ್ರತಿ ನಡವಳಿಕೆಗೂ ನಾಲ್ಕು ಪ್ರಶ್ನೆಗಳು: ನಿನಗೆ ಏನನ್ನಿಸುತ್ತದೆ, ಇತರರು ಏನು ಮಾಡುತ್ತಾರೆ, ಅವರು ಯಾವುದನ್ನು ಸರಿ ಎನ್ನುತ್ತಾರೆ, ಯಾರಾದರೂ ಮೀರಿದರೆ ಏನಾಗುತ್ತದೆ. 'ಸಮಾಜ', 'ಜನ' ಎಂಬ ಪದಗಳನ್ನು ದಯವಿಟ್ಟು ಬಳಸಬೇಡಿ. ಒಂದು ಮಗು ಅಜ್ಜಿಯನ್ನು ನೆನೆದು ಉತ್ತರಿಸುತ್ತದೆ, ಇನ್ನೊಂದು ಪಕ್ಕದ ಬೆಂಚಿನವನನ್ನು ನೆನೆದು. ತಾಯಿ, ತಂದೆ, ಅಣ್ಣ, ತರಗತಿಯ ಹುಡುಗರು, ತರಗತಿಯ ಹುಡುಗಿಯರು ಎಂದು ಬಿಡಿಬಿಡಿಯಾಗಿ ಕೇಳಿ. ಮೀರಿದರೆ ಏನಾಗುತ್ತದೆ ಎಂಬುದಕ್ಕೆ ನೇರ ಪ್ರಶ್ನೆಗಿಂತ ನಾಲ್ಕೈದು ಸಾಲಿನ ಪುಟ್ಟ ಕಥೆ ಉತ್ತಮ: ಇದೇ ವಯಸ್ಸಿನ ಹುಡುಗಿಯೊಬ್ಬಳು ಹೀಗೆ ಮಾಡಿದಳು, ಅವಳ ಅಣ್ಣ ಏನನ್ನಬಹುದು?

ಮೆಚ್ಚಿಸುವ ಉತ್ತರಗಳ ತೊಂದರೆ ಬೇರೆಯೇ ಇದೆ. ಕಾರ್ಯಕ್ರಮದಲ್ಲಿ ಕುಳಿತ ಮಗು ಸಮಾನತೆಯ ಜೊತೆಗೆ, ಯಾವ ಉತ್ತರ ಬರೆದರೆ ನಿಮಗೆ ಸಂತೋಷವಾಗುತ್ತದೆ ಎಂಬುದನ್ನೂ ಕಲಿತಿರುತ್ತದೆ. ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷಗಳ ತರಗತಿ ಚರ್ಚೆಯಿಂದ ಧೋರಣೆ 0.18 ಪ್ರಮಾಣ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತವೆ ಎಂಬುದರ ಅಳತೆ ಅದು) ಸಮಾನತೆಯ ಕಡೆಗೆ ಸರಿಯಿತು. ಕಾರ್ಯಕ್ರಮ ನಿಂತು ಎರಡು ವರ್ಷವಾದ ಮೇಲೂ ಪರಿಣಾಮ ಉಳಿದಿತ್ತು. ಆ ಸಂಶೋಧಕರು ಮೆಚ್ಚಿಸುವ ಸ್ವಭಾವ ಹೆಚ್ಚಿರುವ ಮಕ್ಕಳನ್ನು ಗುರುತಿಸುವ ಪ್ರಶ್ನೆಗಳನ್ನೂ ಸೇರಿಸಿದ್ದರು. ನೀವೂ ಸೇರಿಸಿ, ಮತ್ತು ಪಾಠ ಮಾಡಿದವರ ಕೈಯಿಂದಲೇ ಪ್ರಶ್ನಾವಳಿ ಹಂಚಿಸಬೇಡಿ.

ಸಮಯ ಸಾಲದು, ಪ್ರಶ್ನೆಗಳನ್ನು ಕಡಿಮೆ ಮಾಡಲೇಬೇಕು ಎಂದಾದರೆ ಧೋರಣೆಯ ಹೇಳಿಕೆಗಳನ್ನು ಅರ್ಧಕ್ಕೆ ಇಳಿಸಿ, ಇತರರ ಬಗೆಗಿನ ಪ್ರಶ್ನೆಗಳನ್ನು ಮುಟ್ಟಬೇಡಿ. ನಿಮ್ಮ ಸಂಖ್ಯಾಶಾಸ್ತ್ರಜ್ಞರು ಆಲ್ಫಾ ತೋರಿಸಿ ಅವನ್ನು ತೆಗೆಯಿರಿ ಎಂದರೆ, ಎರಡು ಗುಂಪಿಗೂ ಬೇರೆಬೇರೆ ಲೆಕ್ಕ ಹಾಕಿಕೊಡಿ ಎಂದು ಕೇಳಿ. ಅದು ಬೇಸ್‌ಲೈನ್‌ಗೆ ಮೊದಲೇ ಆಗಬೇಕು.